ಊರಿಗೆ ಹೋಗಿದ್ದಾಳೆ

ಲ್ಯಾಮಿಂಗ್ಟನ್ ರೋಡಿನ ಎರಡನೇ ಮಾಳಿಗೆ,
ಮೆಟ್ಟಿಲಿಗೆಲ್ಲ ಸೋಲ್ಡರಿನ ವಾಸನೆ.
ಮುರ್ತುಜಾ ಭಾಯ್ ಕಪಾಟಿನಿಂದ ಒಂದೇ ಆಟವನ್ನು
ಮೂರು ಸಲ ತೆಗೆದು ಗಾಜಿನ ಮೇಲಿಟ್ಟರು.

"ಇದು ಯುರೋಪಿನದು. ಮೇಲೆ ಕೆಳಗೆ ಕಪ್ಪು ಪಟ್ಟಿ,
ಆರು ಹೆಜ್ಜೆ ಇಡುವ ಹೊತ್ತಿಗೆ ಐದೇ ಇಡುತ್ತದೆ,
ಹಾಡೂ ಹಾಗೇ, ಉಂಡು ಬಂದವರ ಹಾಡು.
ಅಮೆರಿಕದ್ದು ಚುರುಕು, ಆದರೆ ಸಾರಾಯಿ ಅಂಗಡಿಯಲ್ಲಿ
ಕಾಫಿ ಮಾರುತ್ತಾರೆ.
ಜಪಾನಿನದು ದುಬಾರಿ, ಓದೋಕೂ ಬರೋದಿಲ್ಲ.
ಯಾವುದು ಕೊಡಲಿ ಮೇಡಮ್?"

ಜಪಾನಿನದರ ದುಂಡು ಬೆನ್ನು ಸವರುತ್ತಿದ್ದೆ.

ತೊಂಬತ್ತೈದರ ಬೇಸಿಗೆ, ಶಿವ್ಡಿಯ ಚಾಳು.
ಅಪ್ಪ ಗೋದಿಯಲ್ಲಿ ಟ್ಯಾಲಿ ಕ್ಲಾರ್ಕು.
ಹಡಗಿನ ಅಡುಗೆಯವನೊಬ್ಬ ಹಳೇ ಸಾಲಕ್ಕೆ ಬದಲಾಗಿ
ಅಮೆರಿಕದ ಮಿಶನ್ನು ಕೊಟ್ಟಿದ್ದ, ಜಪಾನಿನ ಕ್ಯಾಸೆಟ್ಟು ಕೊಟ್ಟಿದ್ದ.
ಒಂದರೊಳಗೊಂದು ಕೂರಲೊಲ್ಲದು.
ಗುಲಾಬಿ ಅತ್ತೆ ಅದರ ಬಾಯಿಗೆ ಟಾರ್ಚು ಬಿಟ್ಟು
"ಎರಡು ಹಲ್ಲು ಅಡ್ಡ ಬಂದಿವೆ, ಅಷ್ಟೇ" ಎಂದಳು.
ಇಕ್ಕಳ ಹಾಕಿ ಎರಡನ್ನೂ ಕಿತ್ತು
ಹಾಲುಹಲ್ಲು ಎಸೆಯುವಂತೆ
ತಗಡಿನ ಮಾಡಿನ ಮೇಲೆ ಎಸೆದಳು.

ನಮ್ಮ ಟೀವಿಯಲ್ಲಿ ಅದಕ್ಕೆ ಬಣ್ಣ ಬರಲಿಲ್ಲ.
ಬೂದಿ ಹೊಲ, ಬೂದಿ ನದಿ, ಕೊಡೆ ಹಿಡಿದ ಬೂದಿ ಹುಡುಗಿ.
ಅಕ್ಷರವೆಂದರೆ ಇರುವೆ ಸಾಲು.
ಮೇಲಿನದು ಹೌದು, ಕೆಳಗಿನದು ಅಲ್ಲ:
ಇಷ್ಟು ಜಪಾನಿ ಕಲಿಯಲು ಯತಿರಾಜ
ಮೂರು ದಿನದ ಆಟ ಅಳಿಸಿಕೊಂಡು ಅತ್ತ.
ಅತ್ತೆ ಮಾತ್ರ ಸೋಲುತ್ತಿರಲಿಲ್ಲ,
ಅಕ್ಕಿ ಆರಿಸುತ್ತಲೇ ನದಿ ದಾಟಿಸುತ್ತಿದ್ದಳು.

ಆ ಮಳೆಗಾಲ ಅವಳು ಕೆ.ಇ.ಎಂ.ಗೆ ಹೋದಳು,
ಅಲ್ಲಿಂದ ಊರಿಗೆ.
ಹಾಗಂತ ಹೇಳಿದರು.
ಬರುವುದು ಯಾವಾಗ ಎಂದರೆ ಮಾವಿನ ಕಾಲಕ್ಕೆ,
ಹೋದ ಬಸ್ಸಿನ ಹೆಸರು ಕೂಡ ಇತ್ತು.

ಆಟದಲ್ಲಿ ಅಜ್ಜಿಯ ಮನೆಯೂ ಖಾಲಿಯಾಯಿತು.
ಹಿತ್ತಿಲಲ್ಲಿ ಒಂದು ಕಲ್ಲು, ಮೇಲೆ ಮೂರು ಅಕ್ಷರ.
ಹತ್ತಿರ ನಿಂತು ಗುಂಡಿ ಒತ್ತಿದರೆ
ಹುಡುಗಿ ಕೊಡೆ ಮಡಚಿ ತಲೆ ಬಾಗಿಸುತ್ತಿದ್ದಳು.
"ಏನೋ ಬೀಳಿಸಿಕೊಂಡಿದ್ದಾಳೆ, ಹುಡುಕ್ತಾಳೆ" ಅಂದ ಯತಿರಾಜ.
ಶಾಲೆಯಿಂದ ಬಂದು ದಿನಾ ಒತ್ತಿದೆವು.
ಹುಡುಕಿದಳು. ಹುಡುಕಿದಳು.
ಪಾಪ, ಸಿಗಲಿಲ್ಲ.

ಕ್ಯಾಸೆಟ್ಟು ನೆರೆಯ ವರ್ಷ ನೀರುಪಾಲು,
ಮಿಶನ್ನು ಅಟ್ಟದ ಮೇಲಿದ್ದು ಬದುಕಿತು.
ಹೋದ ವರ್ಷ ಅಮೆರಿಕದ್ದು ತರಿಸಿದೆ, ಹೊಸ ಟೀವಿಗೆ ಹಾಕಿದೆ.
ಕೊಡೆ ಹಳದಿಯಂತೆ! ಇಷ್ಟು ವರ್ಷಕ್ಕೆ ತಿಳಿಯಿತು.
ಓಡೋಡಿ ಹಿತ್ತಿಲಿಗೆ ಹೋದರೆ
ಕಲ್ಲಿಲ್ಲ.
ಹುಲ್ಲು. ಹುಲ್ಲಿನಲ್ಲೊಂದು ಬಾತುಕೋಳಿ.
ಬಾಗಿಲಿಗೆ ಅಂಟಿಸಿದ ಚೀಟಿ, ಇಂಗ್ಲಿಷಿನಲ್ಲಿ:
ಅಜ್ಜಿ ತಂಗಿಯ ಊರಿಗೆ ಹೋಗಿದ್ದಾಳೆ.

ಜೋರಾಗಿ ನಕ್ಕೆ. ಆಮೇಲೆ ರಿಮೋಟು ಕೆಳಗಿಟ್ಟೆ.
ಈ ಅನುವಾದಕನನ್ನು ನಾನು ಬಲ್ಲೆ.
ಶಿವ್ಡಿಯಲ್ಲಿ ನಮ್ಮ ಖೋಲಿಯಲ್ಲೇ ಇದ್ದವನು,
ಅಪ್ಪನ ಅಂಗಿ ತೊಡುತ್ತಿದ್ದವನು,
ಒಲೆಯ ಕಡೆ ತಿರುಗಿ ಅಮ್ಮನ ದನಿಯಲ್ಲಿ ಮಾತಾಡುತ್ತಿದ್ದವನು.
ಸಿಟ್ಟು ಬರಬೇಕಿತ್ತು.
ಬಾತುಕೋಳಿ ಚೆನ್ನಾಗಿಯೇ ಇತ್ತು.

"ಮೇಡಮ್?"
ಜಪಾನಿನದು, ಅಂದೆ. ಒಮ್ಮೆ ಹಾಕಿ ತೋರಿಸಿ,
ಮಿಶನ್ನು ಚೀಲದಲ್ಲಿ ತಂದಿದ್ದೇನೆ.

ಒಳಗೆ ಯಾರೋ ಆಡಿ ಉಳಿಸಿದ ಆಟ,
ಬ್ಯಾಟರಿ ಇನ್ನೂ ಜೀವ ಹಿಡಿದಿತ್ತು.
ನಾಲ್ಕು ಪರದೆ ನಡೆಸಿ ಹಿತ್ತಿಲಿಗೆ ತಂದೆ.
ಅಂಗಡಿಯ ಹುಡುಗ ಕಲ್ಲಿಗೆ ಫೋನು ಹಿಡಿದು ಓದಿಸಿದ.
"ಏನಿಲ್ಲ ಆಂಟಿ, ಬರೀ ಹೆಸರು."
ಗುಂಡಿ ಒತ್ತಿದೆ.
ಹಳದಿ ಕೊಡೆ ಮಡಚಿಕೊಂಡಿತು.

ಮುರ್ತುಜಾ ಭಾಯ್ ಮಿಶನ್ನಿನ ಬಾಯೊಳಗೆ ಇಣುಕಿದರು.
"ಹಲ್ಲು ಆಗಲೇ ಕಿತ್ತಿದೆಯಲ್ಲ, ಅಚ್ಚುಕಟ್ಟು ಕೆಲಸ!
ಯಾರು ಮಾಡಿದ್ದು?"
ನಮ್ಮತ್ತೆ, ಅಂದೆ.
"ಈಗ ಎಲ್ಲಿದ್ದಾರೆ?"

ನೋಟು ಎಣಿಸುತ್ತಿದ್ದೆ, ಲೆಕ್ಕ ತಪ್ಪಿತು.
ಮತ್ತೆ ಮೊದಲಿನಿಂದ.